ಮಾಕುಟ್ಟ ಘಟ್ಟ ಇಳಿಯುವ ಮುನ್ನ

ಕೊಡಗಿನ ದಕ್ಷಿಣ ಭಾಗದ ದೊಡ್ಡ ಊರು ವಿರಾಜಪೇಟೆ. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ದೂರ. ಸಮುದ್ರ ಮಟ್ಟದಿಂದ ಎತ್ತರ ಸುಮಾರು 900 ಮೀಟರ್. ಟಿಪ್ಪುವಿನ ವಿರುದ್ಧದ ಯುದ್ಧಕ್ಕಾಗಿ ಮಲಬಾರ್ ಕರಾವಳಿಯಿಂದ ಘಟ್ಟ ಹತ್ತಿ ಬಂದ ಬೊಂಬಾಯಿ ಸೈನ್ಯದ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಈ ಪೇಟೆಯನ್ನು ಕಟ್ಟಿಸಿದ. ವೀರರಾಜೇಂದ್ರಪೇಟೆ ಜನರ ಬಾಯಲ್ಲಿ ಸವೆದು ವಿರಾಜಪೇಟೆಯಾಯಿತು. ಮಲೆತಿರಿಕೆ ಬೆಟ್ಟ, ಸಂತ ಅನ್ನಮ್ಮನವರ ಹಳೆಯ ಚರ್ಚು, ಗಡಿಯಾರ ಕಂಬ, ಕಾಫಿ-ಮೆಣಸಿನ ವ್ಯಾಪಾರ, ಸಡಗರದ ಗೌರಿ-ಗಣೇಶ ಹಬ್ಬ ಇವು ಊರಿನ ಗುರುತುಗಳು.

ಆದರೆ ಬೆನ್ನಿಗೆ ಚೀಲ ಕಟ್ಟಿಕೊಂಡು ಮೋಟಾರ್‌ಸೈಕಲ್ಲಿನಲ್ಲಿ ಬರುವ ಯುವಕರಿಗೆ ವಿರಾಜಪೇಟೆ ಎಂದರೆ ಮಾಕುಟ್ಟ ರಸ್ತೆಯ ಹೆಬ್ಬಾಗಿಲು. ಊರು ದಾಟಿ ಪೆರುಂಬಾಡಿಗೆ ಬಂದರೆ ಅಲ್ಲಿಂದ ಘಟ್ಟದ ಇಳಿತ. ಎರಡೂ ಬದಿಗೆ ದಟ್ಟ ಕಾಡು, ತಿರುವಿನ ಮೇಲೆ ತಿರುವು, ಮಳೆಗಾಲದಲ್ಲಿ ದಾರಿಯುದ್ದಕ್ಕೂ ಧುಮುಕುವ ತೊರೆಗಳು. ಮಾಕುಟ್ಟ ಕಳೆದು ಕೂಟುಪೊಳೆಯ ಸೇತುವೆ ದಾಟಿದರೆ ಕೇರಳ. ಮುಂದೆ ಇರಿಟ್ಟಿ, ಅಲ್ಲಿಂದ ಕಣ್ಣೂರಿಗೂ ತಲಚೇರಿಗೂ ದಾರಿ. ಹಿಂದೆ ಕೊಡಗಿನ ಕಾಫಿ ಎತ್ತಿನ ಗಾಡಿಗಳಲ್ಲಿ ತಲಚೇರಿ ಬಂದರಿಗೆ ಇಳಿದು ಹೋಗುತ್ತಿದ್ದುದೂ ಈ ಕಡೆಯಿಂದಲೇ. 2018ರ ಮುಂಗಾರಿನಲ್ಲಿ ಭೂಕುಸಿತದಿಂದ ಈ ರಸ್ತೆ ಹಾನಿಗೊಂಡು ಸಂಚಾರವೇ ನಿಂತುಹೋಗಿತ್ತು.

ಹತ್ತುವವನಿಗೆ ಎಂಜಿನ್ನಿನ ಚಿಂತೆ, ಇಳಿಯುವವನಿಗೆ ಬ್ರೇಕಿನ ಚಿಂತೆ. ಹೊಸ ಜಾಕೆಟ್ಟಿಗೆ, ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವ ಹುಡುಗರು ಬ್ರೇಕ್ ಪ್ಯಾಡ್ ಕೊಳ್ಳುವಾಗ ಮಾತ್ರ ನೂರು ರೂಪಾಯಿ ಉಳಿಸಲು ಯೋಚಿಸುತ್ತಾರೆ. ಬೆರಳಷ್ಟು ಅಗಲದ ಆ ಎರಡು ತುಂಡುಗಳು ಮಾಡುವ ಕೆಲಸದ ಲೆಕ್ಕ ಗೊತ್ತಾದರೆ ಯಾರೂ ಹಾಗೆ ಮಾಡಲಾರರು.

ಎಂಟು ಲೀಟರ್ ನೀರು ಕುದಿಸುವ ಶಾಖ

ಹೈಸ್ಕೂಲಿನಲ್ಲಿ ಎಲ್ಲರೂ ಕಲಿಯುವ ಪಾಠ ಇದು. ಎತ್ತರದಲ್ಲಿರುವ ವಸ್ತುವಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ. ಮೋಟಾರ್‌ಸೈಕಲ್ 180 ಕಿಲೋ, ಇಬ್ಬರು ಸವಾರರು 130 ಕಿಲೋ, ಸಾಮಾನು 20 ಕಿಲೋ, ಒಟ್ಟು 330 ಕಿಲೋ ಎಂದಿಟ್ಟುಕೊಳ್ಳೋಣ. ಘಟ್ಟದ ಇಳಿತ 800 ಮೀಟರ್ ಎಂದು ಹಿಡಿದರೆ, 330ನ್ನು 9.8ರಿಂದಲೂ 800ರಿಂದಲೂ ಗುಣಿಸಿದಾಗ ಬರುವುದು ಸುಮಾರು 26 ಲಕ್ಷ ಜೂಲ್. ವೇಗ ಹೆಚ್ಚದಂತೆ ಕೆಳಗೆ ತಲುಪಬೇಕಾದರೆ ಇಷ್ಟೂ ಶಕ್ತಿ ದಾರಿಯಲ್ಲೇ ಶಾಖವಾಗಿ ಕರಗಬೇಕು. ತಣ್ಣನೆಯ ಎಂಟು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖ ಇದು.

ಈ ಶಾಖವೆಲ್ಲ ಒಂದೂವರೆ ಕಿಲೋ ತೂಕದ ಒಂದು ಉಕ್ಕಿನ ಡಿಸ್ಕಿನಲ್ಲೇ ಉಳಿದುಕೊಂಡರೆ ಆ ಡಿಸ್ಕು ಕರಗಿಯೇ ಹೋಗಬೇಕು. ಹಾಗಾಗದಿರುವುದಕ್ಕೆ ಕಾರಣ, ಎದುರು ಗಾಳಿ ಅದನ್ನು ಸದಾ ತಣಿಸುತ್ತಿರುತ್ತದೆ. ಗಾಳಿಯ ತಡೆ ಮತ್ತು ಎಂಜಿನ್ನಿನ ಹಿಡಿತವೂ ಭಾರದ ಒಂದು ಪಾಲನ್ನು ಹೊರುತ್ತವೆ. ಕ್ಲಚ್ ಹಿಡಿದು, ಅಥವಾ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವನು ಎಂಜಿನ್ನಿನ ಪಾಲನ್ನೂ ಬ್ರೇಕಿನ ತಲೆಗೇ ಕಟ್ಟುತ್ತಾನೆ.

ಪ್ಯಾಡು ಮಿತಿ ಮೀರಿ ಕಾದರೆ ಅದರಲ್ಲಿರುವ ಅಂಟು ರಾಳ ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಅಪಾಯ ಬ್ರೇಕ್ ದ್ರವದ್ದು. ಅದು ಗಾಳಿಯ ತೇವವನ್ನು ಹೀರುವ ಗುಣದ್ದು. ಹೊಸ ‘ಡಾಟ್ 4’ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದು ಗುಳ್ಳೆ ಎದ್ದರೆ ಲಿವರ್ ಮೆತ್ತಗಾಗಿ ಹಿಡಿಗೇ ತಾಗುತ್ತದೆ. ಕೊಡಗಿನಂಥ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸುವುದನ್ನು ಮರೆಯಬಾರದು.

ಮೂರು ಬಗೆಯ ಪ್ಯಾಡುಗಳು

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿಯವರು ಇಳಿಜಾರಿನಲ್ಲಿ ಮರದ ಬ್ರೇಕ್ ಕಟ್ಟೆಗೆ ಹಳೆಯ ಬೂಟಿನ ಚರ್ಮ ಹೊಡೆದುಕೊಳ್ಳುವುದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬಾತ ಅದಕ್ಕಿಂತ ಒಳ್ಳೆಯ ವಸ್ತುವಿನ ಹುಡುಕಾಟಕ್ಕೆ ಇಳಿದನಂತೆ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ, ಅವನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ರೂಪಿಸಿದ ‘ಫೆರೋಡೊ’. ಮುಂದೆ ಬಹುಕಾಲ ಬ್ರೇಕಿಗೆ ಕಲ್ನಾರು ಬಳಕೆಯಲ್ಲಿತ್ತು. ಅದರ ಧೂಳು ಕ್ಯಾನ್ಸರ್ ತರುತ್ತದೆಂದು ತಿಳಿದ ಮೇಲೆ ಬೇರೆ ವಸ್ತುಗಳು ಬಂದವು.

ಇಂದು ಅಂಗಡಿಯಲ್ಲಿ ಸಿಗುವ ಪ್ಯಾಡುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಆರ್ಗ್ಯಾನಿಕ್: ನಾರುಗಳನ್ನು ರಾಳದಿಂದ ಬೆಸೆದದ್ದು. ಇದು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಡಿಸ್ಕನ್ನು ಸವೆಸುವುದು ಕಡಿಮೆ. ಆದರೆ ತಾನು ಬೇಗ ಸವೆಯುತ್ತದೆ, ಉದ್ದದ ಇಳಿತದಲ್ಲಿ ಬೇಗ ಸೋಲುತ್ತದೆ. ಎರಡನೆಯದು ಸಿಂಟರ್ಡ್: ತಾಮ್ರ ಮೊದಲಾದ ಲೋಹಗಳ ಪುಡಿಯನ್ನು ಒತ್ತಿ ಕಾಯಿಸಿ ಬೆಸೆದದ್ದು. ಶಾಖಕ್ಕೂ ಮಳೆಗೂ ಇದು ಜಗ್ಗುವುದಿಲ್ಲ. ಆದರೆ ಬೆಲೆ ಹೆಚ್ಚು, ಡಿಸ್ಕನ್ನು ಹೆಚ್ಚು ಸವೆಸುತ್ತದೆ, ಶಾಖವನ್ನು ದ್ರವದ ಕಡೆಗೂ ಬೇಗ ದಾಟಿಸುತ್ತದೆ. ಮೂರನೆಯದು ಸೆಮಿ-ಮೆಟಾಲಿಕ್. ಹೆಸರೇ ಹೇಳುವಂತೆ ಇವೆರಡರ ನಡುವಿನದು.

ಮನೆಯಿಂದ ಕಾಲೇಜಿಗೆ ಹೋಗಿಬರುವ ಗಾಡಿಗೆ ಆರ್ಗ್ಯಾನಿಕ್ ಧಾರಾಳ ಸಾಕು. ಇಬ್ಬರು ಕುಳಿತು, ಸಾಮಾನು ಹೇರಿ, ಮಳೆಗಾಲದಲ್ಲಿ ಘಟ್ಟ ಹತ್ತಿಳಿಯುವ ಗಾಡಿಗೆ ಸಿಂಟರ್ಡ್ ಮೇಲು. ಆದರೆ ಒಂದು ಷರತ್ತು: ಆ ಡಿಸ್ಕಿಗೆ ಸಿಂಟರ್ಡ್ ಹಾಕಬಹುದು ಎಂದು ಗಾಡಿ ತಯಾರಿಸಿದವರು ಅಥವಾ ಪ್ಯಾಡ್ ತಯಾರಿಸಿದವರು ಹೇಳಿರಬೇಕು. ಸಂದೇಹವಿದ್ದರೆ ಗಾಡಿಯ ಜೊತೆ ಬಂದ ಬಗೆಯನ್ನೇ ಮತ್ತೆ ಹಾಕುವುದು ಕ್ಷೇಮ.

ಕೆಲವು ಪ್ಯಾಡುಗಳ ಬೆನ್ನ ಮೇಲೆ ‘ಎಫ್‌ಎಫ್’, ‘ಜಿಜಿ’, ‘ಎಚ್‌ಎಚ್’ ಎಂಬ ಜೋಡಿ ಅಕ್ಷರಗಳಿರುತ್ತವೆ. ಮೊದಲಕ್ಷರ ಸಾಮಾನ್ಯ ಉಷ್ಣತೆಯ, ಎರಡನೆಯದು ಕಾದಾಗಿನ ಘರ್ಷಣಾಂಕವನ್ನು ಸೂಚಿಸುತ್ತದೆ. ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55, ‘ಎಚ್’ ಎಂದರೆ ಅದಕ್ಕೂ ಮೇಲೆ. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ, ಕಾದಾಗ ಅದರ ಹಿಡಿತ ಕುಗ್ಗುತ್ತದೆ ಎಂದರ್ಥ. ಘಟ್ಟದ ದಾರಿಗೆ ಅಂಥದ್ದು ಬೇಡ. ಹೆಸರು, ಗುರುತು ಒಂದೂ ಇಲ್ಲದ ಅಗ್ಗದ ಪೊಟ್ಟಣ ಮೊದಲೇ ಬೇಡ.

ಹಾಕಿಸುವಾಗ, ಹಾಕಿಸಿದ ಮೇಲೆ

ಪ್ಯಾಡಿನಲ್ಲಿ ಸವೆತದ ಗುರುತಿಗಾಗಿ ಒಂದು ಗೀರು ಇರುತ್ತದೆ. ಅದು ಅಳಿಸುವ ಹಂತಕ್ಕೆ ಬಂದರೆ ಪ್ರವಾಸ ಮುಗಿಯಲಿ ಎಂದು ಕಾಯಬಾರದು. ಎರಡೂ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು. ಡಿಸ್ಕಿನ ಅಂಚಿನಲ್ಲಿ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಡಿಸ್ಕು ತೆಳುವಾಗಿದ್ದರೆ ಹೊಸ ಪ್ಯಾಡು ಹಾಕಿಯೂ ಫಲವಿಲ್ಲ. ಹಳೆಯ ಧೂಳನ್ನು ಗಾಳಿಯಲ್ಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಎಣ್ಣೆ ತಾಗಿದ ಪ್ಯಾಡನ್ನು ಎಸೆಯಬೇಕು. ಗಾಡಿ ಹೊರಡುವ ಮೊದಲು ಲಿವರನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇಲ್ಲವಾದರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗದು.

ಹೊಸ ಪ್ಯಾಡು ಹಾಕಿದೊಡನೆ ಪೂರ್ತಿ ಹಿಡಿತ ಬರುವುದಿಲ್ಲ. ಡಿಸ್ಕಿನ ಜೊತೆ ಅದು ಹೊಂದಿಕೊಳ್ಳಲು ಸುಮಾರು 200 ಕಿಲೋಮೀಟರ್ ಸಾಧಾರಣ ಓಡಾಟ ಬೇಕು. ಆದ್ದರಿಂದ ಪ್ಯಾಡ್ ಬದಲಿಸಬೇಕಾದದ್ದು ಊರಿನಲ್ಲಿ, ಪ್ರವಾಸಕ್ಕೆ ವಾರ ಮೊದಲು. ಬೆಳಿಗ್ಗೆ ವಿರಾಜಪೇಟೆಯಲ್ಲಿ ಹಾಕಿಸಿ ಮಧ್ಯಾಹ್ನ ಮಾಕುಟ್ಟ ಇಳಿಯುವುದು ಜಾಣತನವಲ್ಲ. ಪ್ಯಾಡು ಪೂರ್ತಿ ಸವೆದಿರುವುದು ಇಲ್ಲಿಗೆ ಬಂದ ಮೇಲೆ ಗೊತ್ತಾದರೆ, ಬದಲಿಸಿಕೊಂಡು ಘಟ್ಟವನ್ನು ಇನ್ನೊಂದು ಸಲಕ್ಕೆ ಬಿಟ್ಟು ಬಂದ ದಾರಿಯಲ್ಲಿ ಮೆಲ್ಲಗೆ ಮರಳುವುದು ಒಳ್ಳೆಯದು.

ಒಳ್ಳೆಯ ಪ್ಯಾಡಿಗೂ ಒಂದು ಮಿತಿ ಇದೆ. ಒಣ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ ಸುಮಾರು 10 ಮೀಟರಿನಲ್ಲಿ ನಿಲ್ಲುವುದಾದರೆ, 60ರ ವೇಗದಲ್ಲಿ 23 ಮೀಟರ್ ಬೇಕು. ವೇಗ ಒಂದೂವರೆ ಪಟ್ಟಾದರೆ ದೂರ ಎರಡು ಪಟ್ಟಿಗೂ ಮೀರುತ್ತದೆ. ಕಣ್ಣು ಕಂಡು ಕೈ ಒತ್ತುವ ಒಂದು ಸೆಕೆಂಡಿನಲ್ಲಿ ಓಡುವ 17 ಮೀಟರ್ ಬೇರೆ. ಒದ್ದೆ ರಸ್ತೆಯಲ್ಲಿ, ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಮಾಕುಟ್ಟದ ಎಷ್ಟೋ ತಿರುವುಗಳಲ್ಲಿ ಎದುರಿನ ಬಸ್ಸು ಅಷ್ಟು ದೂರದಿಂದ ಕಾಣುವುದೇ ಇಲ್ಲ. ಎ.ಬಿ.ಎಸ್. ಇದ್ದರೂ ಅದು ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುತ್ತದೆಯೇ ಹೊರತು ಸವೆದ ಪ್ಯಾಡಿಗೆ ಹಿಡಿತ ತಂದುಕೊಡುವುದಿಲ್ಲ.

ಹತ್ತುವ ಗೇರಿನಲ್ಲೇ ಇಳಿ ಎಂಬುದು ಘಟ್ಟದ ಚಾಲಕರ ಹಳೆಯ ಮಾತು. ಬ್ರೇಕನ್ನು ಸದಾ ಸವರಿಕೊಂಡು ಹೋಗದೆ, ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಡಬೇಕು. ನಡುವಿನ ಬಿಡುವಿನಲ್ಲಿ ಡಿಸ್ಕು ತಣಿಯುತ್ತದೆ. ಸುಟ್ಟ ವಾಸನೆ ಬಂದರೆ ವಿಶಾಲವಾದ ಜಾಗ ನೋಡಿ ಕಾಲು ಗಂಟೆ ನಿಲ್ಲಬೇಕು. ಕಾದ ಡಿಸ್ಕಿಗೆ ನೀರು ಸುರಿಯಬಾರದು, ಅದು ಸೊಟ್ಟಗಾದೀತು.

ಮಕ್ಕಳು ಬೈಕ್ ಪ್ರವಾಸಕ್ಕೆ ಅನುಮತಿ ಕೇಳಿದಾಗ ತಂದೆತಾಯಿಗಳು ಯಾರ ಜೊತೆ, ಎಷ್ಟು ದಿನ ಎಂದು ಕೇಳುವುದುಂಟು. ಅದರ ಜೊತೆಗೆ ಲೈಸೆನ್ಸ್ ಇದೆಯೇ, ಇಬ್ಬರಿಗೂ ಹೆಲ್ಮೆಟ್ ಇದೆಯೇ, ಪ್ಯಾಡ್ ಎಷ್ಟು ಉಳಿದಿದೆ ಎಂದೂ ಕೇಳಬೇಕು. ಒಂದು ಟಾರ್ಚ್ ಹಿಡಿದು ಮಗನ ಜೊತೆಗೇ ಕುಳಿತು ಆ ಗೀರನ್ನು ನೋಡಲು ಐದು ನಿಮಿಷ ಸಾಕು.