ಮೈಕ್ ಬಂದ್ ಇತ್ತೋ, ಚಾಲೂ ಇತ್ತೋ

ಶ್ರಾವಣದ ಎರಡನೇ ಶನಿವಾರ. ನಮ್ಮೂರ ಹನುಮಪ್ಪನ ಗುಡಿಯಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಮೊದಲು, ತಬಲಾ ಹೊಂದಿಸುವ ಸದ್ದಿನ ನಡುವೆ, ಹಾರ್ನ್‌ನಲ್ಲಿ ದೊಡ್ಡಪ್ಪನ ದನಿ ಬಂತು: “ಬದುವಿನ್ಯಾಗ ನಮ್ಮ ತಮ್ಮ ಎರಡು ಸಾಲು ಒತ್ಯಾನ. ನಾ ಬಾಯಿ ಬಿಟ್ಟಿಲ್ಲ, ಅಷ್ಟ.” ಪಕ್ಕದಲ್ಲಿ ಕೂತವರಿಗೆ ಮೆಲ್ಲಗೆ ಹೇಳಿದ ಮಾತು. ಊರಿಗೆಲ್ಲ ಕೇಳಿತು. ಮನೆಯಲ್ಲಿ ಊಟಕ್ಕೆ ಕೂತಿದ್ದ ಅಪ್ಪನಿಗೂ ಕೇಳಿತು. ಆ ತಮ್ಮ ಅಂದರೆ ಅವರೇ.

ಅಪ್ಪ ರೊಟ್ಟಿ ಹಾಗೇ ಬಿಟ್ಟು ಎದ್ದು ಕೈ ತೊಳೆದರು. ಒಂದು ಮಾತೂ ಆಡಲಿಲ್ಲ. ಮರುದಿನ ಚಹಾದ ಅಂಗಡಿಯಲ್ಲಿ ಊರೇ ತೀರ್ಪು ಕೊಟ್ಟಿತ್ತು: ಬೇಕಂತಲೇ ಮೈಕ್‌ನಲ್ಲಿ ಹೇಳಿದಾನ. ನಿಜ ಹೇಳಬೇಕೆಂದರೆ, ಸುದ್ದಿ ಬರೆಯುವ ನಾವೂ, ಮೈಕ್ ಸೆಟ್ ಇಟ್ಟಿರುವ ನಮ್ಮ ತಮ್ಮನೂ ಹಾಗೇ ಅಂದುಕೊಂಡೆವು. ಎರಡೂ ಕಡೆ ಕೇಳದೆ ಸುದ್ದಿ ಕಳಿಸಬಾರದು ಎಂದು ಡಿಪ್ಲೊಮಾದಲ್ಲಿ ಕಲಿತದ್ದು ಸ್ವಂತ ಮನೆಯಲ್ಲಿ ನೆನಪಾಗಲಿಲ್ಲ. ಮುಂದಿನ ಶನಿವಾರ ದೊಡ್ಡಪ್ಪ ಭಜನೆಗೆ ಬರಲಿಲ್ಲ.

ಆ ಮೈಕ್ ಪೆಟ್ಟಿಗೆ ಮಾಡಿದವರು ನಾವೇ, ಅಣ್ಣತಮ್ಮ ಇಬ್ಬರು. ಒಂದೇ ಡಬ್ಬಿಯಲ್ಲಿ ಶ್ರುತಿಯೂ ಬರಬೇಕು, ಎರಡು ಮೈಕೂ ಕೂಡಬೇಕು ಎನ್ನುವ ಆಸೆ ನಮಗೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರು. ಅವರು ಕೊಳಲು ವಾದಕರೂ ಹೌದು, ಎಂಜಿನಿಯರೂ ಹೌದು. ನಾವು ಎರಡೂ ಅಲ್ಲ. ಆದರೂ ಬೆಸುಗೆ ಹಾಕಲು ಬರುತ್ತಿತ್ತು. ಶ್ರುತಿಗೆ, ಮೈಕಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು. ದೀಪಕ್ಕೆ ಐದು ನಿಮಿಷ ಕೊಟ್ಟೆವು.

ಮೊದಲು ಹಾಕಿದ್ದು ನೀಲಿ ದೀಪ. ನೀಲಿ ಅಂದರೆ ಹೊಸ ಕಾಲದ ಸಾಮಾನು ಎಂಬ ಗತ್ತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಬಂದದ್ದು 1962ರಲ್ಲಿ. ಚೆನ್ನಾಗಿ ಬೆಳಗುವ ನೀಲಿ ಕೈಗೆ ಸಿಗಲು 1990ರ ದಶಕ ಬರಬೇಕಾಯಿತು. ಅದನ್ನು ಮಾಡಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ನಿಮ್ಮ ಮನೆಯ ಹಳೇ ಟೇಪ್ ರೆಕಾರ್ಡರ್‌ನಲ್ಲಿ ಕೆಂಪು, ಹಸಿರು ದೀಪವೇ ಇದ್ದು, ನೀಲಿ ಯಾಕಿಲ್ಲ ಎಂದರೆ ಇದೇ ಕಾರಣ.

12 ವೋಲ್ಟ್ ಅಡಾಪ್ಟರ್‌ಗೆ 1 ಕೆ ರೆಸಿಸ್ಟರ್ ಕೊಟ್ಟಿದ್ದೆವು. ನೀಲಿ ದೀಪ ಸುಮಾರು 3 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 9 ವೋಲ್ಟ್‌ಗೆ 9 ಮಿಲಿ ಆಂಪಿಯರ್ ಹರಿಯುತ್ತದೆ. ಹಗಲು ಅಂಗಡಿಯಲ್ಲಿ ಚೆಂದ ಕಂಡಿತು. ರಾತ್ರಿ ಗುಡಿಯಲ್ಲಿ ಎದುರು ಕೂತವರ ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಭಜನೆಯ ಅಜ್ಜಂದಿರು ಅದರ ಮೇಲೆ ಟವೆಲ್ ಮುಚ್ಚಿದರು. ಅದನ್ನು ಕಿತ್ತು ಮೂರು ಕಾಲಿನ ಎಲ್‌ಇಡಿ ಹಾಕಿದೆವು. ಒಂದೇ ಬುರುಡೆಯಲ್ಲಿ ಎರಡು ಬಣ್ಣ: ಕೆಂಪು ಇದ್ದರೆ ಮೈಕ್ ಬಂದ್, ಹಸಿರು ಇದ್ದರೆ ಚಾಲೂ. ಇದಕ್ಕಿಂತ ಸರಳ ಇನ್ನೇನಿದೆ ಎಂದು ಹೆಮ್ಮೆಯಿಂದ ಮುಚ್ಚಳ ಹಾಕಿದೆವು.

ಗುಟ್ಟು ಬಿಟ್ಟುಕೊಟ್ಟವಳು ಅವ್ವ, ಅದೂ ಬೇರೆ ಮಾತಿನ ನಡುವೆ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ದೊಡ್ಡಪ್ಪನನ್ನು ಹೊಲಕ್ಕೆ ಕರೆಯುತ್ತಲೇ ಇರಲಿಲ್ಲವಂತೆ. “ಹಣ್ಣಿನ ಜೋಡಿ ಹಸೀಕಾಯಿನೂ ಹರೀತಿದ್ರು. ಕೆಲಸಗಳ್ಳ ಅಂತ ನಿಮ್ಮಜ್ಜ ಬೈತಿದ್ದರು.” ಬ್ಯಾಡಗಿ ಸೀಮೆಯಲ್ಲಿ ಹಣ್ಣುಗಾಯಿ ಗೊತ್ತಾಗದ ಗಂಡಸು ಅಂದರೆ ನಗೆಪಾಟಲು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆ ಸಂಜೆಯೇ ಪೆಟ್ಟಿಗೆ ಹೊತ್ತು ಅವರ ಮನೆಗೆ ಹೋದೆವು. ಮೊದಲು ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೇ ಇಟ್ಟು ಸ್ವಿಚ್ ಆಡಿಸಿದೆವು. “ದೊಡ್ಡಪ್ಪಾ, ಈಗೇನು ಬಣ್ಣ?” ಹಸಿರು ಅಂದರು. ಇನ್ನೊಮ್ಮೆ ಆಡಿಸಿದೆವು. ಆಗಲೂ ಹಸಿರು ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡೂ ಒಂದ ಕಾಣತಾವ್ರೋ” ಎಂದರು. ಅರವತ್ತೆಂಟು ವರ್ಷದಲ್ಲಿ ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು. ಹಾಗಾದರೆ ಪ್ಯಾಟಿಯಾಗ ಸಿಗ್ನಲ್ ಹ್ಯಾಂಗ ದಾಟತೀರಿ ಅಂದರೆ, “ಮ್ಯಾಲಿಂದು ಹತ್ತಿದ್ರ ನಿಲ್ಲೂದು, ಕೆಳಗಿಂದು ಹತ್ತಿದ್ರ ಹೋಗೂದು” ಎಂದರು.

ಕೆಂಪು–ಹಸಿರು ಬೇರೆಯಾಗಿ ಕಾಣದಿರುವುದು ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು. ತಾಯಿಯ ಕಡೆಯಿಂದ ಇಳಿದು, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಇರುವುದರಿಂದ ಎಷ್ಟೋ ಜನರಿಗೆ ತಮಗಿದೆ ಎಂದೇ ತಿಳಿಯುವುದಿಲ್ಲ. ನಾವು ಡಾಕ್ಟರಲ್ಲ, ಕಣ್ಣಿನ ಡಾಕ್ಟರ ಬಳಿ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕವಿರುತ್ತದೆ, ಅದರಲ್ಲಿ ಪರೀಕ್ಷೆ ಆಗುತ್ತದೆ. ನಮ್ಮ ತಪ್ಪಿಗೆ ಮಾತ್ರ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಸಿಗ್ನಲ್ ಕಂಬದಲ್ಲಿ ಜಾಗ ನೋಡಿ ಬದುಕಿದ ಮನುಷ್ಯನಿಗೆ ಎರಡು ಬಣ್ಣವನ್ನೂ ಒಂದೇ ಜಾಗದಲ್ಲಿ ಇಟ್ಟುಕೊಟ್ಟಿದ್ದೆವು.

ಈ ಸಲ ದೀಪಕ್ಕೆ ಎರಡು ರಾತ್ರಿ ಕೊಟ್ಟೆವು. ಎರಡು ಬುರುಡೆ: ಮೇಲೆ ಹಳದಿ, ಅದು ಬಂದ್, ಕೆಳಗೆ ನೀಲಿ, ಅದು ಚಾಲೂ. ಹಳದಿ, ನೀಲಿ ದೊಡ್ಡಪ್ಪನಿಗೆ ಚೆನ್ನಾಗಿ ಬೇರೆಯಾಗಿ ಕಂಡವು. ಎರಡರಲ್ಲಿ ಒಂದು ಹತ್ತಿರಲೇಬೇಕು. ಎರಡೂ ಆರಿದ್ದರೆ ದೀಪವೋ ವೈರೋ ಕೆಟ್ಟಿದೆ ಎಂದರ್ಥ, ಮೈಕ್ ಬಂದ್ ಎಂದಲ್ಲ.

ಟವೆಲ್ ಮುಚ್ಚಿಸಿಕೊಂಡ ನೀಲಿಯನ್ನೇ ಮತ್ತೆ ತಂದದ್ದಕ್ಕೆ ತಮ್ಮ ನಕ್ಕ. ಈ ಸಲ ಅದರ ಬೆಳಕು ಇಳಿಸುವ ದಾರಿ ಕಂಡುಕೊಂಡಿದ್ದೆವು. ನೀವೂ ಮಾಡಬಹುದು. ದೀಪದ ಸಾಲಿನಲ್ಲಿ 1 ಕೆ ರೆಸಿಸ್ಟರ್ ಇರಲಿ, ಅದರ ಜೊತೆಗೆ 100 ಕೆ ವಾಲ್ಯೂಮ್ ಪಾಟ್ ಸೇರಿಸಿ. ಕೋಣೆ ಕತ್ತಲು ಮಾಡಿ, ಹಾಡುವವರು ಕೂರುವಷ್ಟು ದೂರ ಕೂತು, ಕಣ್ಣಿಗೆ ಹಿತವಾಗುವವರೆಗೆ ಪಾಟ್ ತಿರುಗಿಸಿ. ಆಮೇಲೆ ಕರೆಂಟ್ ತೆಗೆದು ಪಾಟನ್ನು ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದು, ಹತ್ತಿರದ ರೆಸಿಸ್ಟರ್ ಹಾಕಿ. ನಮ್ಮ ನೀಲಿಗೆ 47 ಕೆ ಬಂತು. 9 ಮಿಲಿ ಆಂಪಿಯರ್ ಇದ್ದದ್ದು 0.2ಕ್ಕೆ ಇಳಿಯಿತು, ಆದರೂ ಸ್ಪಷ್ಟ ಕಾಣುತ್ತದೆ. ಕರೆಂಟ್ ಅರ್ಧ ಮಾಡಿದರೆ ಬೆಳಕು ಕಣ್ಣಿಗೆ ಅರ್ಧವಾಗಿ ಕಾಣುವುದಿಲ್ಲ, ಧಾರಾಳವಾಗಿ ಇಳಿಸಬೇಕು. ಹಾಲುಬಣ್ಣದ ಬುರುಡೆಯ ಹಳದಿಗೆ 4.7 ಕೆ ಸಾಕಾಯಿತು. ಲೆಕ್ಕಕ್ಕಿಂತ ಕಣ್ಣನ್ನು ನಂಬಿ, ಅದೂ ಬಳಸುವವರ ಕಣ್ಣನ್ನು.

ಚಾಲೂ ದೀಪ ಮಿಣುಕಿದರೆ ಇನ್ನೂ ಚೆನ್ನ ಎಂದು ಅದನ್ನೂ ಮಾಡಿ ನೋಡಿದ್ದೆವು. ಪ್ರತಿ ಮಿಣುಕಿಗೂ ಹಾರ್ನ್‌ನಲ್ಲಿ ಟಿಕ್ ಎಂದಿತು. ದೀಪಕ್ಕೂ ಮೈಕಿನ ಭಾಗಕ್ಕೂ ಒಂದೇ ಗ್ರೌಂಡ್ ವೈರ್ ಇತ್ತು, ದೀಪ ಎಳೆದ ಕರೆಂಟಿನ ಜಗ್ಗು ದನಿಗೂ ತಾಗುತ್ತಿತ್ತು. ಅದನ್ನು ಕೈಬಿಟ್ಟೆವು.

ಕೊನೇ ಶನಿವಾರ ದೊಡ್ಡಪ್ಪ ಬಂದರು. ಚಹಾದ ಅಂಗಡಿಯಲ್ಲಿ ಮೆಣಸಿನಕಾಯಿಯ ಕತೆಯನ್ನು ನಾವೇ ಹೇಳಿದ್ದೆವು, ಅವರನ್ನು ಕೇಳಿಯೇ. ಕೆಲವರು ನಂಬಿದರು. ಅಪ್ಪ ಮನೆಯಲ್ಲೇ ಇದ್ದರು, ಆದರೆ ಹಾರ್ನ್ ಕೇಳುವ ಹಾಗೆ ಕಿಟಕಿ ತೆಗೆದಿಟ್ಟಿದ್ದರು. ಬದುವಿನ ಎರಡು ಸಾಲಿನ ಮಾತು ಇನ್ನೂ ಹಾಗೇ ಇದೆ, ಅದಕ್ಕೆ ರೆಸಿಸ್ಟರ್ ಇಲ್ಲ. ದೊಡ್ಡಪ್ಪ ನೀಲಿ ದೀಪ ನೋಡಿದರು, ತಲೆಯಾಡಿಸಿದರು. ಆಮೇಲೆ, ದೀಪ ಹತ್ತಿದ್ದರೂ, ಬೆರಳಿನಿಂದ ಮೈಕ್ ಎರಡು ಸಲ ತಟ್ಟಿ ನೋಡಿಯೇ ಪದ ಎತ್ತಿಕೊಂಡರು.