ಟೊಮೆಟೊ ಸಾರು ಮತ್ತು ನಮ್ಮ ತಮ್ಮ

ನಮ್ಮ ತಮ್ಮನಿಗೆ ಸ್ಕಿಜೋಫ್ರೀನಿಯಾ ಎಂಬ ಮನೋರೋಗವಿರುವುದು ಬಂಧುಗಳಲ್ಲಿ ಕೆಲವರಿಗೆ ಗೊತ್ತು. ಹಲವರಿಂದ ನಾವೇ ಮುಚ್ಚಿಟ್ಟಿದ್ದೆವು. ಯಾರೂ ಇಲ್ಲದ ಕಡೆಯಿಂದ ಅವನಿಗೆ ಮಾತು ಕೇಳಿಸುತ್ತಿತ್ತು. ಬೈಕುಲ್ಲಾದ ನಮ್ಮ ಚಾಳಿನಿಂದ ಜೆ.ಜೆ. ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಆದರೂ ನಾವು ಮೊದಲು ಓಡಿದ್ದು ಊರಿಗೆ, ದರ್ಶನದಲ್ಲಿ ಕೇಳಿಸಲು. ಎರಡು ವರ್ಷ ಹಾಗೆಯೇ ಕಳೆಯಿತು. ಕೊನೆಗೆ ಆ ದನಿಗಳು ತಗ್ಗಿದ್ದು ಮಾತ್ರೆಯಿಂದ.

ಹೀಗಿರಲು ಅಮ್ಮ ಎಲ್ಲಿಯೋ 'ಈ ಕಾಯಿಲೆಗೆ ಗ್ಲುಟಮೇಟ್ ಕಾರಣ' ಎಂದು ಓದಿದರು. ಅಜಿನೋಮೋಟೋದಲ್ಲಿರುವುದೂ ಅದೇ, ಟೊಮೆಟೊದಲ್ಲಿಯೂ ಉಂಟು ಎಂದು ಯಾರೋ ಹೇಳಿದರು. ಅಂದಿನಿಂದ ಮನೆಯಲ್ಲಿ ನೂಡಲ್ಸ್ ಬಂದ್, ಟೊಮೆಟೊ ಸಾರೂ ಬಂದ್! ತಮ್ಮನೂ "ಕಾರಣ ಸಿಕ್ಕಿತಲ್ಲ, ಇನ್ನು ಮಾತ್ರೆ ಏಕೆ?" ಎಂದು ಗುಟ್ಟಾಗಿ ಬಿಟ್ಟುಬಿಟ್ಟ. ತಿಂಗಳೊಳಗೆ ರಾತ್ರಿಯಿಡೀ ಕಿಟಕಿಯ ಬಳಿ ನಿಂತು ಯಾರಿಗೋ ಉತ್ತರ ಕೊಡತೊಡಗಿದ.

ಡಾಕ್ಟರರು ಬೈಯಲಿಲ್ಲ, ಬಿಡಿಸಿ ಹೇಳಿದರು. ಗ್ಲುಟಮೇಟ್ ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ರಾಸಾಯನಿಕ. ಮಿದುಳು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಊಟದಲ್ಲಿರುವುದು ರಕ್ತದಿಂದ ಮಿದುಳಿಗೆ ದಾಟುವುದು ತೀರ ಕಡಿಮೆ. ಆ ಸುದ್ದಿ ಪಡೆಯುವ 'ಎನ್‌ಎಂಡಿಎ' ಎಂಬ ಬಾಗಿಲುಗಳು ಸರಿಯಾಗಿ ತೆರೆಯದಿರುವುದೇ ತೊಡಕು ಎಂಬುದು ಒಂದು ವಾದ. ಅರಿವಳಿಕೆಗೆಂದು 1950ರ ದಶಕದಲ್ಲಿ ಬಂದ ಪಿಸಿಪಿ, ಬಳಿಕ ಬಂದ ಕೆಟಮಿನ್ ಈ ಬಾಗಿಲುಗಳನ್ನು ತಡೆಯುತ್ತವೆ. ಆಗ ಆರೋಗ್ಯವಂತರಲ್ಲೂ ಇಂಥದೇ ಲಕ್ಷಣಗಳು ಕಾಣಬಹುದು.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದಂದಿನಿಂದ ಮಾತ್ರೆಗಳು ಬಹುಮಟ್ಟಿಗೆ ಹಿಡಿದದ್ದು ಡೋಪಮಿನ್ ಎಂಬ ಬೇರೊಂದು ರಾಸಾಯನಿಕವನ್ನು. ಅವು ದನಿಗಳನ್ನು ಅಡಗಿಸುತ್ತವೆ; ಮಂಕು, ನಿರಾಸಕ್ತಿಗಳಿಗೆ ಅಷ್ಟು ನಾಟುವುದಿಲ್ಲ. ಗ್ಲುಟಮೇಟಿನ ಹಾದಿಯಲ್ಲಿ ಅದಕ್ಕೆ ಮದ್ದು ಹುಡುಕಿದರು. ಆದರೆ ದೊಡ್ಡ ಪರೀಕ್ಷೆಗಳಲ್ಲಿ 2014ರಲ್ಲಿ ಬಿಟೊಪರ್ಟಿನ್, 2025ರಲ್ಲಿ ಐಕ್ಲೆಪರ್ಟಿನ್ ನಿರೀಕ್ಷಿಸಿದ ಫಲ ಕೊಡಲಿಲ್ಲ. "ಹೊಸ ದೋಣಿ ಬರುವ ಮೊದಲೇ ಹಳೆಯದರಿಂದ ಹಾರಬೇಡಪ್ಪಾ" ಎಂದರು ಡಾಕ್ಟರರು.

ಈಗ ಮಾತ್ರೆಯೂ ಮರಳಿದೆ, ಟೊಮೆಟೊ ಸಾರೂ ಮರಳಿದೆ. ದನಿಗಳಿಲ್ಲ, ಆದರೆ ತಮ್ಮ ಗಂಟೆಗಟ್ಟಲೆ ಸುಮ್ಮನೆ ಕುಳಿತಿರುತ್ತಾನೆ. ಆ ಮೌನಕ್ಕೆ ಮದ್ದು ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ಅವನನ್ನು ಒಳಗೆ ಬಚ್ಚಿಡುವುದಿಲ್ಲವೆಂದು ನಾವು ನಿಶ್ಚಯಿಸಿದ್ದೇವೆ. ಮುಂದಿನ ಸಲ ಸಂಘದ ಕಾರ್ಯಕ್ರಮಕ್ಕೆ ಕರೆತರುತ್ತೇವೆ. ಅವನು ಮಾತಾಡದಿದ್ದರೆ ಅಹಂಕಾರವೆಂದು ತಿಳಿಯಬೇಡಿ. "ಊಟ ಆಯಿತೇನಪ್ಪಾ?" ಎಂದು ಕೇಳಿ, ಅಷ್ಟು ಸಾಕು.