ಚಿ. ಕುಂ. ಸೌ. ಖುರ್ಚಿ

ಕಾಗದವೆಂದರೆ ಹರಿದೆಸೆಯಲಾರದ ಸ್ವಭಾವ ನನ್ನದು. ಕಳೆದ ದೀಪಾವಳಿಗೆ ಗರಗದ ಮನೆಯ ಅಟ್ಟ ಝಾಡಿಸುವಾಗ ಹಳೆಯ ಟ್ರಂಕಿನಿಂದೊಂದು ಲಗ್ನಪತ್ರಿಕೆ ಹೊರಬಿತ್ತು. ಗುಲಾಬಿ ಕಾಗದ, ನೆತ್ತಿಯ ಮೇಲೆ ಗಣಪತಿ. ವಧು: ಚಿ. ಕುಂ. ಸೌ. ಖುರ್ಚಿ. ವರ: ನಮ್ಮೂರ ಹಿರಿಯರೊಬ್ಬರು. ಮುಹೂರ್ತ: ಪಂಚಾಯಿತಿ ಚುನಾವಣೆಯ ದಿನ. ‘ವರನಿಗೆ ಇದು ಮೂರನೆಯ ಪ್ರಯತ್ನ. ಉಡುಗೊರೆಯಾಗಿ ಮತ ಮಾತ್ರ ಸ್ವೀಕರಿಸಲಾಗುವುದು’ ಎಂದು ಕೆಳಗೊಂದು ಒಕ್ಕಣೆ.

ಬರೆದವನು ನಾನು. ಆಗ ಬಿ.ಎ. ಓದುತ್ತಿದ್ದೆ, ಜನರನ್ನು ನಗಿಸಬಲ್ಲೆನೆಂಬುದು ಆಗತಾನೆ ಗೊತ್ತಾಗಿತ್ತು. ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಾದರೆ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕೆಂದು 1961ರಿಂದ ಕಾಯಿದೆಯಿದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಮ್ಮದು ಊರ ಪಂಚಾಯಿತಿ. ಯಾರ ಹೆಸರನ್ನೂ ಹಾಕಲಿಲ್ಲ. ರಾಷ್ಟ್ರಧ್ವಜದ ಖಾದಿ ನೇಯ್ದು ಹೆಸರಾದ ಊರಿನಲ್ಲಿ ಒಂದು ವಾರ ಈ ಗುಲಾಬಿ ಕಾಗದದ್ದೇ ಹಾರಾಟ. ಚಹಾದಂಗಡಿಯಲ್ಲಿ ಓದಿಸಿ ಕೇಳಿ ನಕ್ಕರು. ಹಿರಿಯರು ಸೋತರು.

ಈ ವಿದ್ಯೆ ನಮ್ಮದೇ ಎಂದು ನಾನು ತಿಳಿದಿದ್ದೆ. ಈಚೆಗೆ ಅಮೆರಿಕದ ಹಳೆಯ ಚುನಾವಣೆಗಳ ಬಗೆಗೆ ಓದಿದಾಗ ಆ ಜಂಬವೂ ಇಳಿಯಿತು. 1828ರಲ್ಲಿ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷ ಪದವಿಗೆ ನಿಂತಾಗ ಫಿಲಡೆಲ್ಫಿಯದ ಜಾನ್ ಬಿನ್ಸ್ ಎಂಬ ಪತ್ರಿಕಾಕರ್ತ ಒಂದು ಕರಪತ್ರ ಅಚ್ಚು ಹಾಕಿದ. ಅದರಲ್ಲಿ ಸಾಲಾಗಿ ಕಪ್ಪು ಶವಪೆಟ್ಟಿಗೆಗಳು. ಜಾಕ್ಸನ್ನನ ಒಪ್ಪಿಗೆಯಿಂದ ಗುಂಡಿಗೆ ಗುರಿಯಾದ ಆರು ಮಂದಿ ಸೈನಿಕರ ಹೆಸರುಗಳು. 1837ರ ಹಣದ ಮುಗ್ಗಟ್ಟಿನಲ್ಲಿ ಅವನನ್ನು ಅಣಕಿಸುವ ಹುಸಿ ನೋಟುಗಳೂ ಬಂದವು. ನನ್ನ ಲಗ್ನಪತ್ರಿಕೆಯ ದಾಯಾದಿಗಳು! ಅದೂ ಇರಲಿ. ಚುನಾವಣೆಯ ಗದ್ದಲದಲ್ಲಿ ಅವನ ಹೆಂಡತಿ ರೇಚಲ್‌ಳ ಮದುವೆಯ ವಿಷಯವನ್ನೂ ಪತ್ರಿಕೆಗಳು ಬೀದಿಗೆಳೆದವು. ಜಾಕ್ಸನ್ ಗೆದ್ದ. ಆದರೆ ಅವನು ಅಧಿಕಾರ ವಹಿಸುವ ಮೊದಲೇ, ಆ ಡಿಸೆಂಬರ್ 22ರಂದು, ಆಕೆ ತೀರಿಕೊಂಡಳು. ನಿಂದಕರೇ ಕೊಂದರೆಂದು ಅವನು ನಂಬಿದ.

ಅಲ್ಲಿ ನನ್ನ ಓದು ನಿಂತಿತು. ನನ್ನ ‘ವರ’ ಆ ಚುನಾವಣೆಯ ವರ್ಷವೇ ಹೆಂಡತಿಯನ್ನು ಕಳೆದುಕೊಂಡಿದ್ದರು. ಬರೆಯುವಾಗ ಅದು ನನಗೆ ಗೊತ್ತಿರಲಿಲ್ಲವೆನ್ನಲಾರೆ. ಮಣ್ಣಿಗೆ ಹೋಗಿ ಬಂದವನು ನಾನು. ಒಳ್ಳೆಯ ನಗೆಯೊಂದು ಹೊಳೆದಿತ್ತು, ಬಿಡಲಾಗಲಿಲ್ಲ.

ಮರುವರ್ಷ ಅವರ ಮಗಳ ಮದುವೆ ಕೂಡಿತು. ಅಚ್ಚಿಗೆ ಕೊಡುವ ಮೊದಲು, ಕೈಯಿಂದ ಬರೆದ ಲಗ್ನಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ತಪ್ಪು ಏನರ ಅದಾವೇನು ನೋಡು, ತಮ್ಮಾ. ಲಗ್ನಪತ್ರಿಕಿ ನೀ ಚಲೋ ಬರೀತಿ ಅಂತ ಕೇಳೇನಿ.”

ಅವ್ವ ಚಹಾ ಮಾಡಲು ಒಳಗೆ ಹೋದಳು. ವಧುವಿನ ತಾಯಿಯ ಹೆಸರಿನ ಹಿಂದೆ ಅವರು ‘ಶ್ರೀಮತಿ’ ಎಂದೇ ಬರೆದಿದ್ದರು. ‘ದಿವಂಗತ’ ಎಂದು ತಿದ್ದಲು ಪೆನ್ನು ಎತ್ತಿದವನು, ಇನ್ನೆಲ್ಲೋ ಬಿಟ್ಟುಹೋಗಿದ್ದ ಒಂದು ಕೊಂಬು ಹಾಕಿ ಹಾಳೆ ಮರಳಿ ಕೊಟ್ಟೆ.